ಜೆಂಬು

ಈ ಊರಿನ ಹೆಸರು ಹಲ್.
ಕೊನೆಗೊಂದು ಒತ್ತು, ಒಂದು ಉಕಾರ ಸೇರಿಸಿಕೊಂಡು
ಒಬ್ಬಳೇ ನಕ್ಕಿದ್ದೆ,
ಹಲ್ಲಿನ ಕ್ಲಿನಿಕ್ಕಿಗೆ ನರ್ಸಾಗಿ ಸೇರಿದ ದಿನ.

ಸೋಮವಾರ, ಫುಮಿಯೆ ಥಾರ್ಪ್.
ವಯಸ್ಸು ಎಂಬತ್ತೊಂದು, ಉಳಿದ ಹಲ್ಲು ಹನ್ನೊಂದು.
ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು
ತೆಗೆಯಲೇಬೇಕು ಅಂದರು.
ಅಜ್ಜಿ ಚಾವಣಿ ನೋಡುತ್ತ ಕೇಳಿದಳು, "ಜೆಂಬು?"
ನನಗೆ ಕೇಳಿಸಿದ್ದು ಚೆಂಬು.
ಬಾಯಿ ಮುಕ್ಕಳಿಸುವ ಲೋಟ ತುಂಬಿಸಿ ಕೊಟ್ಟೆ.

ಜೆಂಬು ಅಂದರೆ ಅಷ್ಟೂ, ಒಂದೂ ಬಿಡದೆ.
ಬಿಸ್ಕತ್ತಿನ ಡಬ್ಬಿ, ಬಾಕಿ ಬಿಲ್ಲು, ಈ ಹನ್ನೊಂದು.
ಸುಬೆತೆ ಬೇರೆ. ಅದು ಕಾಗದದಲ್ಲಿ ಬರೆಯುವ ಎಲ್ಲ:
ಯೊಕೊಹಾಮಾದ ಇಪ್ಪತ್ತರ ಹುಡುಗಿ
ಹಡಗಿನ ಅಡುಗೆಯವನಿಗೆ ಬರೆದಂಥದ್ದು.
"ಅವನಿಗೆ ಓದಲು ಬರುತ್ತಿರಲಿಲ್ಲ," ಅಂದಳು. "ಒಳ್ಳೆಯದೇ ಆಯಿತು."

ಎರಡನೆಯ ಸೋಮವಾರ. ಸೂಜಿ ನೋಯಿತಾ?
"ಜೆನ್‌ಜೆನ್."
ಪೂರಾ, ಅಂತ ಅದರ ಅರ್ಥವಂತೆ.
ಗಾಬರಿಬಿದ್ದೆ. ಅಲ್ಲ, ಪೂರಾ ಇಲ್ಲ.
ಆ ಇಲ್ಲವನ್ನು ಬಾಯಿಬಿಟ್ಟು ಹೇಳಬೇಕಿಲ್ಲವಂತೆ,
ಪೂರಾಕ್ಕೆ ಅದು ಅಂಟಿಕೊಂಡೇ ಇರುತ್ತದಂತೆ
ವಸಡಿಗೆ ಹಲ್ಲಿನ ಹಾಗೆ.

ನಮ್ಮದನ್ನೂ ಹೇಳಿಕೊಟ್ಟೆ.
ಬಾಯಿ ಕೊಂಚ ತೆರೆದರೆ ಎಲ್ಲ,
ಕಿರಿದು ಮಾಡಿದರೆ ಇಲ್ಲ.
ಹತ್ತಿ ಕಚ್ಚಿಕೊಂಡೇ ಎರಡನ್ನೂ ಅಂದು ನೋಡಿದಳು.
ಯಾವುದು ಯಾವುದೋ ತಿಳಿಯಲಿಲ್ಲ.

ಮೂರನೆಯ ಸೋಮವಾರ ಫಾರಮ್ಮಿನಲ್ಲೊಂದು ಖಾನೆ:
ಮನೆಗೆ ಕರೆದೊಯ್ಯುವವರು ಯಾರು?
"ದಾರೆ ಮೊ ಇನಾಯ್."
ಕೀಳುತ್ತ ಹೋದಳು, ಒಂದೊಂದೇ ಮಾತನ್ನು:
ದಾರೆ ನಮ್ಮ ಯಾರು, ಮೊ ನಮ್ಮ ಊ,
ಆಮೇಲೆ ಇಲ್ಲ.
ಇಂಗ್ಲಿಷಿನವರು ಮೊದಲೇ ಬಾಗಿಲು ಹಾಕುತ್ತಾರೆ.
ನಾವಿಬ್ಬರೂ ಯಾರನ್ನೋ ಕರೆದು,
ಕೊನೆಯ ಸ್ವರವನ್ನು ಉದ್ದಕ್ಕೆ ಎಳೆದು,
ಅಷ್ಟು ಹೊತ್ತು ಕಾದು
ಇಲ್ಲ ಅನ್ನುವವರು.

ಖಾನೆಯಲ್ಲಿ ನನ್ನ ಹೆಸರು ಬರೆದೆ.

ಹೆಸಲ್ ರೋಡಿನ ಬಸ್ಸು ತಡ. ನದಿ ಕಡೆಯಿಂದ ಗಾಳಿ,
ಸ್ಕಾರ್ಫಿನೊಳಗೆ ಊದಿಕೊಂಡ ಕೆನ್ನೆ.
ಕೇಳಿ ಇಸಕೊಂಡಿದ್ದ ಪ್ಲಾಸ್ಟಿಕ್ ಡಬ್ಬಿ ತೆರೆದು
ಕೈಚೀಲದ ಮೇಲೆ ಎಣಿಸಿದಳು.
ಹತ್ತು.
ಮತ್ತೆ ಎಣಿಸಿದಳು.

ಒಂದು ಚೂರುಚೂರಾಗಿ
ರಕ್ತ ಹೀರುವ ಕೊಳವೆಯಲ್ಲಿ ಹೋಗಿತ್ತು.
ಹೇಳಿರಲಿಲ್ಲ ನಾನು.

ಅಜ್ಜಿ ನನ್ನ ಮುಖ ನೋಡಿದಳು, ಆಮೇಲೆ ರಸ್ತೆ.
"ಜೆಂಬು," ಅಂದು
ಮುಚ್ಚಳ ಒತ್ತಿದಳು.