ಮೂರು ನಿಮಿಷ

ಕೊಲಂಬಸ್ಸಿನ ಶಾಸನಸಭೆಯ ಬಾಗಿಲಲ್ಲಿ
ಯಂತ್ರ ಕೂಗಿತು.
ಸಿಸ್ಟರ್ ಬರ್ನಡಿನ್ ಶಿಲುಬೆ ಕಳಚಿ
ಬೂದು ತಟ್ಟೆಯಲ್ಲಿಟ್ಟರು,
ಬೀಗದಕೈ, ಕೆಮ್ಮಿನ ಗುಳಿಗೆ, ಚಿಲ್ಲರೆಯ ಪಕ್ಕ.
ನನ್ನ ಸರದಿ. ಕೊರಳಲ್ಲಿ ಬೆಳ್ಳಿಯ ಕರಡಿಗೆ.
ಏನದು, ಎಂದ ಕಾವಲಿನವನು.
ಮೈಯಿಂದ ಅಗಲಿಸುವಂತಿಲ್ಲ, ಅಂದೆ.
ಯೋಚಿಸಿದ. ಕೈಕೋಲು ಆಡಿಸಿದ.
ಎದೆಯ ಹತ್ತಿರ ಅದು ಮತ್ತೆ ಕುಂಯ್‌ಗುಟ್ಟಿತು.
ಹೋಗಿ, ಅಂದ.

ಟೊಲೆಡೊದಿಂದ ಬಂದ ಚರ್ಚಿನ ವ್ಯಾನಿನಲ್ಲಿ
ಒಂಬತ್ತು ಹೆಂಗಸರು; ಎಂಟು ಮಂದಿ ಏಸುವಿನವರು.
ದಾರಿಯುದ್ದಕ್ಕೂ ಪ್ರಾರ್ಥಿಸಿದರು, ತೂಕಡಿಸಿದರು.
ಓಡೆಸ್ಸಾ ಟಿಲ್ಲರಿ ಮಸೂದೆಯನ್ನು ಗಟ್ಟಿಯಾಗಿ ಓದಿದರು:
ಪ್ರತಿ ಮೋಟೆಲಿನ ಪ್ರತಿ ಬಚ್ಚಲ ಬಾಗಿಲಿಗೆ,
ಒಳಬದಿಗೆ, ಒಂದು ಚೀಟಿ, ಒಂದು ಫೋನ್ ನಂಬರು.
ಮಾರಾಟಕ್ಕಿಟ್ಟ ಹುಡುಗಿ ಒಬ್ಬಳೇ ಇರುವುದು
ಅಲ್ಲಿ ಮಾತ್ರ ತಾನೆ, ಅಗುಳಿ ಹಾಕಿದ ಮೇಲೆ.
ಅಂಗೈಯಗಲದ ಕಾನೂನು.
ಇಷ್ಟಕ್ಕಾಗಿ ನಾಲ್ಕನೇ ವರ್ಷ ಬರುತ್ತಿದ್ದಾರೆ ಇವರು,
ಹಿಮ ಕರಗುವ ಮೊದಲೇ,
ಶಾಸಕರಿಗೆಂದು ಸಿಹಿಯ ಡಬ್ಬಿ ಹಿಡಿದು.

ಅಧ್ಯಕ್ಷರು ನನ್ನ ಹೆಸರನ್ನು ತುಂಡು ಮಾಡಿ ಕರೆದರು:
ನಿಲಂ. ಬಿ. ಕಾ.
ಹಸಿರು ದೀಪ.

ಹೈವೇ ಬದಿಯ ಮೋಟೆಲಿನಲ್ಲಿ ನನ್ನದು ರಾತ್ರಿಪಾಳಿ, ಹನ್ನೊಂದು ವರ್ಷ.
ನೂರಾ ಹದಿನಾಲ್ಕನೇ ಕೋಣೆ. ಪುಸ್ತಕದಲ್ಲಿ ಗಂಡಸಿನ ಹೆಸರು.
ಅವಳದಿಲ್ಲ. ಬರೆಯದೇ ಬಿಟ್ಟ ಕೈ ಇದೇ.
ಒಂದೇ ರಾತ್ರಿ ಆರು ಸಲ ಟವೆಲ್ ಕೇಳಿದರು.
ಆರು ಸಲವೂ ಒಯ್ದು ಕೊಟ್ಟೆ,
ಅಂಚಿಗೆ ಅಂಚು ಕೂಡಿಸಿ ಮಡಿಸಿ, ಅವ್ವ ಕಲಿಸಿದ ಹಾಗೆ.
ಬಾಗಿಲ ಸಂದಿಯಲ್ಲಿ ಅವಳು.
ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಕಾಲುಚೀಲ.
ನನ್ನ ಮಗಳ ಓರಗೆಯವಳು.

ಹಳದಿ.
ಸದಸ್ಯರೊಬ್ಬರು, ಒಳ್ಳೆಯ ಮುಖದವರು, ಕೇಳಿದರು:
ನೀವಾಗ ಯಾಕೆ ಫೋನ್ ಮಾಡಲಿಲ್ಲ?
ಯಾವ ನಂಬರಿಗೆ, ಅಂದೆ.
ಹಿಂದಿನ ಸಾಲುಗಳಲ್ಲಿ ಗುಜುಗುಜು. ಓಡೆಸ್ಸಾ ತಲೆದೂಗಿದರು;
ಒಳ್ಳೆಯ ಉತ್ತರವಂತೆ ಅದು.

ಕೆಂಪು.

ಮಸೂದೆ ಸಮಿತಿಯಲ್ಲೇ ಮಲಗಿತು.
ಬಾಗಿಲ ಬಣ್ಣ ಕೆಡುತ್ತದೆಂದು ಮಾಲೀಕರ ಸಂಘದ ತಕರಾರು.
ಸಿಹಿಯ ಡಬ್ಬಿ ಮಾತ್ರ ಖಾಲಿಯಾಗಿ ಮರಳಿತು.

ಫಿಂಡ್ಲೆ ದಾಟುವಾಗ ಕತ್ತಲು. ಉಳಿದವರಿಗೆ ನಿದ್ದೆ.
ಸಿಸ್ಟರ್, ಅಂದೆ, ಒಂಬತ್ತು ಒಂದು ಒಂದು ನನಗೆ ಗೊತ್ತಿತ್ತು.
ಕೂಸಿಗೂ ಗೊತ್ತಿರುತ್ತೆ ಅದು.
ಆಗ ನನ್ನ ಕಾಗದಪತ್ರ ನೆಟ್ಟಗಿರಲಿಲ್ಲ.
ಕೌಂಟರಿನ ಹಿಂದೆ ಕರಡಿಗೆ ಹಿಡಿದು ಕೂತು
ಬೆಳಗಿನ ತನಕ ಮಂತ್ರ ಹೇಳಿದೆ, ಬಾಯಿ ಒಣಗುವ ಹಾಗೆ.
ಶಿವ ಕೇಳಿಸಿಕೊಂಡಿರಬೇಕು.
ಫೋನು ಅವನ ಕೈಯಳತೆಯಲ್ಲಿರಲಿಲ್ಲ,
ನನ್ನ ಕೈಯಳತೆಯಲ್ಲಿತ್ತು.

ಸಿಸ್ಟರ್ ಬಹಳ ಹೊತ್ತು ವೈಪರನ್ನೇ ನೋಡುತ್ತಿದ್ದರು.
ಆಮೇಲೆ ಚೀಲದಿಂದ ಬಾಳೆಹಣ್ಣು ತೆಗೆದು
ಮುರಿದು ಅರ್ಧ ಕೊಟ್ಟರು.
ಮುಂದಿನ ವರ್ಷ, ಅಂದರು,
ಮೊದಲು ಇದನ್ನು ಹೇಳು.
ದೀಪ ಹಸಿರಿರುವಾಗಲೇ.