ರಾತ್ರಿ ಒಂಬತ್ತರ ಹಾಜರಿ

ಬೆಟಗೇರಿಯ ನಮ್ಮ ಸಾಲಿಗೆ ಬೀಗ ಬಿದ್ದ ವರ್ಷ
ನಾನು ಹಾಜರಿ ಹಾಕಿದ್ದು ಕಿವಿಯಿಂದ.

ಮೂರನೇ ಇಯತ್ತೆ, ಇಪ್ಪತ್ತಾರು ಮಕ್ಕಳು,
ಫೋನು ಹನ್ನೊಂದು.
ಅವೂ ಹಗಲೆಲ್ಲ ಅಪ್ಪಂದಿರ ಅಂಗಿಯ ಕಿಸೆಯಲ್ಲಿ
ಕೆಲಸ ಹುಡುಕುತ್ತ ತಿರುಗಿ
ದೀಪ ಹಚ್ಚಿದ ಮೇಲೆ ಮನೆ ಸೇರುವಂಥವು.
ಅದಕ್ಕೇ ನಮ್ಮ ಗಂಟೆ ಬಾರಿಸಿದ್ದು ರಾತ್ರಿ ಒಂಬತ್ತಕ್ಕೆ.
ದಿನಕ್ಕೆರಡು ಪುಟ, ಗಟ್ಟಿಯಾಗಿ ಓದಿ, ಧ್ವನಿ ಕಳಿಸಬೇಕು.

ಉಂಡ ತಾಟು ಸರಿಸಿ
ಒಂದೊಂದೇ ಒತ್ತಿ ಕೇಳುವೆ.
ಹೆಸರು ನೋಡುವ ಮೊದಲೇ ಮನೆ ಗೊತ್ತಾಗುತ್ತಿತ್ತು.
ಸಾಲಿನ ನಡುವೆ ಲಾಳಿ ಓಡಿದರೆ ಅದು ಅಂಬಾಸಾ;
ಅವನು ನುಂಗಿದ ಒತ್ತಕ್ಷರಗಳಿಗೆಲ್ಲ
ಮಗ್ಗವೇ ಒತ್ತು ಕೊಡುತ್ತಿತ್ತು.
ಆಡು ಒದರಿದರೆ ಖಾಜಾಬಿ.
"ಸಾಕು ಮಾಡಲೇ, ಚಾರ್ಜ್ ಮುಗೀತೈತಿ" ಎಂದು
ಯಾರೋ ಕೆಮ್ಮುತ್ತ ಬೈದರೆ ಫಕ್ಕೀರೇಶ.
ಅವನಜ್ಜನ ಬೈಗುಳಕ್ಕೂ ಒಂದು ರಾತ್ರಿ
ಸರಿ ಗುರುತು ಹಾಕಿದ್ದುಂಟು.
ಹದಿನೈದು ದಿನಕ್ಕೊಮ್ಮೆ ನಳ ಬಂದಾಗ
ಇಡೀ ವರ್ಗವೇ ಗೈರು.
ಒಬ್ಬಳು ಮಾತ್ರ ನಾಲ್ಕು ಸೆಕೆಂಡು ಕಳಿಸಿದ್ದಳು:
"ಸರ, ನೀರು ಬಂದಾವರಿ."
ಹಿಂದೆ ಕೊಡಗಳ ಕಾದಾಟ.

ಫೋನಿಲ್ಲದ ಹದಿನೈದು ಮನೆಗಳಿಗೆ
ಬಿಸಿಯೂಟದ ಅಕ್ಕಿ ಹಂಚುವ ದಿನ
ಲೆಕ್ಕದ ಹಾಳೆಯನ್ನೂ ಕೊಡುವುದೆಂದಾಯಿತು.
ಹಾಳೆಗೆ ರೊಕ್ಕವಿರಲಿಲ್ಲ.
ಪ್ರೆಸ್ಸಿನ ಗುರುಶಾಂತಪ್ಪ
ಮುಂದೂಡಿದ ಲಗ್ನಗಳ ಪತ್ರಿಕೆ
ಎರಡು ಚೀಲ ತಂದು ಸುರುವಿ
"ಬೆನ್ನು ಖಾಲಿ ಅದಾವ್ರಿ ಮಾಸ್ತರ" ಎಂದ.
ಮುಂದೆ ಗಣಪತಿ, ಚಿ. ಸೌ., ಶುಭಮುಹೂರ್ತ;
ಹಿಂದೆ ಏಳರ ಮಗ್ಗಿ, ಕಡ ತಂದು ಕಳೆಯುವ ಲೆಕ್ಕ.
ಶಾಂತಲಾ ಟೀಚರು ಅಕ್ಕಿ ಅಳೆದರು,
ನಾನು ಊರೆಲ್ಲ ಲಗ್ನಕ್ಕೆ ಕರೆದೆ.
ತಿಂಗಳ ಮೇಲೆ ತಿರುಗಿ ಬಂದವುಗಳಲ್ಲಿ
ಒಂದರ ಮೂಲೆಗೆ ಪೆನ್ಸಿಲ್ಲಿನಲ್ಲಿ:
"ಸರ, ಇವರ ಲಗ್ನ ಆತೇನ್ರಿ?"
ಲೆಕ್ಕ ಐದೂ ತಪ್ಪು.
ಉತ್ತರ ನನಗೂ ಗೊತ್ತಿರಲಿಲ್ಲ.

ಹುಲಿಗೆಮ್ಮನದು ಮಾತ್ರ
ಮೂರು ರಾತ್ರಿ ಬರೀ ಮೌನ.
ನಲವತ್ತು ಸೆಕೆಂಡು, ಐವತ್ತೆರಡು, ಮತ್ತೆ ನಲವತ್ತು.
ಫೋನು ಕೆಟ್ಟಿರಬೇಕು ಎಂದುಕೊಂಡೆ,
ಆದರೂ ಗೈರು ಎಂದೇ ಬರೆದೆ;
ರೂಢಿ, ಇಪ್ಪತ್ತೆರಡು ವರ್ಷದ್ದು.
ನಾಲ್ಕನೆಯ ಮುಂಜಾನೆ ಸೈಕಲ್ಲು ಹತ್ತಿ
ಮೂಗಿಗೆ ವಸ್ತ್ರ ಕಟ್ಟಿ
ನರಸಾಪುರದ ಅವಳ ಓಣಿಗೆ ಹೋದೆ.
ಹೊಸ್ತಿಲ ಒಳಗೆ ಕೂತು ಕಂಡಿಕೆ ಸುತ್ತುತ್ತಿದ್ದಳು.
"ಯಾಕವಾ, ಓದೇ ಇಲ್ಲಲ್ಲ?"
ರಾಟಿ ನಿಲ್ಲಿಸಿದಳು. ಒಳಗೊಮ್ಮೆ ನೋಡಿದಳು.
"ಓದೇನಲ್ರಿ ಸರ.
ಕೂಸು ಮಲಗಿತ್ತು.
ಮನಸಿನ್ಯಾಗ ಓದೇನಿ."

ಆ ರಾತ್ರಿ ಮೂರನ್ನೂ ಮತ್ತೆ ಕೇಳಿದೆ,
ಫೋನು ಕಿವಿಗೆ ಅಂಟಿಸಿ, ಪುಸ್ತಕ ತೆರೆದು.
ತೊಟ್ಟಿಲ ಹಗ್ಗ ಜಂತಿಗೆ ತಿಕ್ಕುವುದು ಕೇಳಿಸಿತು.
ದೂರ ಯಾರದೋ ಬಾಗಿಲು.
ಅವಳ ಜೊತೆ ನಾನೂ ತುಟಿ ಅಲ್ಲಾಡಿಸದೆ ಓದಿದೆ.
ಇಪ್ಪತ್ಮೂರನೇ ಸೆಕೆಂಡಿಗೆ
ಹಾಳೆ ತಿರುವಿದ ಸದ್ದು.
ನಾನಿನ್ನೂ ಕೊನೆಯ ಸಾಲಿನಲ್ಲಿದ್ದೆ.

ಮೂರು ಗೈರಿಗೂ ಕಾಟು ಹೊಡೆದು
ಒಂದೇ ಮಾತು ಕಳಿಸಿದೆ, ಪಿಸುದನಿಯಲ್ಲಿ:
ಶಾಭಾಸ್.
ನಮ್ಮ ಮನೆಯಲ್ಲಿ ತೊಟ್ಟಿಲಿರಲಿಲ್ಲ.
ಉಳಿದ ಹತ್ತು ಮನೆಗೂ
ಅದೇ ದನಿ ಹೋಗಿಬಿಟ್ಟಿತು.

ಬೆಳಗಾಗುವುದರೊಳಗೆ ಅಂಬಾಸಾನ ತಾಯಿಯ ಫೋನು:
"ಗಂಟಲ ಹಿಡದೈತೇನ್ರಿ ಮಾಸ್ತರ?
ಮದಲ ಟೆಸ್ಟ್ ಮಾಡಿಸಿಕೊಂಡು ಬರ್‍ರಿ."