ಎಡಗಡೆಯ ದಫ್ಫು

ಫ್ಯಾನು ಆಫ್. ಜೆಪ್ಪುವಿನ ಮೇ ತಿಂಗಳು
ಹೆಡ್‌ಫೋನಿನೊಳಗೂ ಬೆವರುತ್ತದೆ.
ಕಪಾಟಿನೊಳಗೆ ನಿಂತು ಹಾಡಿದ ಗ್ರೆಟ್ಟಾಳ ಸ್ವರಕ್ಕೆ
ಇನ್ನೂ ನುಸಿಗುಳಿಗೆಯ ವಾಸನೆ, ನನಗೆ ಮಾತ್ರ ಗೊತ್ತು.
ಅವಳು ನಡುವೆ. ಯತಿರಾಜನ ಗಿಟಾರು ಬಲಕ್ಕೆ.
ಇಸುಬಾಕನ ದಫ್ಫನ್ನು ಎಡಕ್ಕೆ, ಪೂರ್ತಿ ಎಡಕ್ಕೆ ತಳ್ಳಿದೆ:
ಅದರ ಟ್ರ್ಯಾಕಿನಲ್ಲಿ ಮೀನಿನ ಸ್ಕೂಟರಿನ ಹಾರ್ನು,
ಮೂರನೇ ಚರಣಕ್ಕೆ ಸರಿಯಾಗಿ, ಪೋಂ ಪೋಂ.
ಎಷ್ಟು ಕೆರೆದರೂ ಹೋಗದು
ಕೈಗಂಟಿದ ಬೂತಾಯಿಯ ಹುರುಪೆಯಂತೆ.

ಬೆಳಗಿನ ಜಾವ ಎಂಟು ಟ್ರ್ಯಾಕನ್ನೂ ಎರಡಕ್ಕಿಳಿಸಿ
ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ.

ಸಂಜೆ ಪಂಪ್‌ವೆಲ್ಲಿನಲ್ಲಿ ರಿಕ್ಷಾ ನಿಲ್ಲಿಸಿ ಕೇಳಿದ:
"ಅಲ್ಲ ಮಾರಾಯ, ಇದರಲ್ಲಿ ನಾನೆಲ್ಲಿ?"
ಎಡಗಡೆಯ ಸ್ಪೀಕರು
ಹೋದ ಮಳೆಗಾಲದಲ್ಲೇ ಸತ್ತಿದೆಯಂತೆ.
ಬಾಡಿಗೆಗೆ ಬಂದವರಿಗೆಲ್ಲ ಕೇಳಿಸಿದ್ದಾನೆ,
ಹ್ಯಾಂಡಲಿನ ಮೇಲೆ ತಾನೇ ತಾಳ ಹಾಕುತ್ತ,
ಈಗ ಬರುತ್ತದೆ, ಈಗ ಬರುತ್ತದೆ ಎನ್ನುತ್ತ.

ನನ್ನ ಹೆಡ್‌ಫೋನಿನಲ್ಲಿ
ಎಷ್ಟೊಂದು ಅಗಲವಿತ್ತು ಆ ಕೋಣೆ!

ಮನೆಗೆ ಬಂದು ಅವನನ್ನು ನಡುವಿಗೆ ಎಳೆದೆ.
ಗ್ರೆಟ್ಟಾ ಒಂಚೂರು ಸರಿದು ಜಾಗ ಕೊಟ್ಟಳು.
ಮೀನಿನವನೂ ಬಂದ ಜೊತೆಗೆ,
ಚರಣದ ನಟ್ಟನಡುವೆ ಸ್ಕೂಟರು ನಿಲ್ಲಿಸಿ.
ಇರಲಿ ಬಿಡು.
ಶ್ರುತಿಗೆ ಹತ್ತಿರವೇ ಇದ್ದಾನೆ.